ನಡುಗಡ್ಡೆಯ ಹಾಗಲಕಾಯಿ

ಬಾಳೆ ಎಲೆಯ ಕಟ್ಟನ್ನು ಹೆಗಲಿಗೇರಿಸಿಕೊಂಡು ದೇವಸ್ಥಾನದ ಬೀದಿಗೆ ತಿರುಗುವಷ್ಟರಲ್ಲಿ ಮುರಳೀಕೃಷ್ಣ ಆಡಬೇಕಾದ ಮಾತನ್ನು ಏಳೆಂಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ. ಒಂದು ಸಲವೂ ಅದು ಸರಿಯಾಗಿ ಬಂದಿರಲಿಲ್ಲ. 'ಅಮ್ಮಾ, ಇವತ್ತಿನ ಅಡುಗೆಗೆ ಆ ಹಾಗಲಕಾಯಿ ಬೇಡ' ಎಂದರೆ ಯಾಕೋ ಅಂತ ಕೇಳೇ ಕೇಳುತ್ತಾರೆ. ಹುಳ ಬಿದ್ದಿದೆ ಅನ್ನಬಹುದು. ಆದರೆ ನಿನ್ನೆ ಸಂಜೆ ಸುಂದರಮ್ಮನವರು ಜಗಲಿಯ ಮೇಲೆ ಕೂತು ಒಂದೊಂದು ಕಾಯನ್ನೂ ತಿರುಗಿಸಿ ತಿರುಗಿಸಿ ನೋಡಿ, "ಎಂಥಾ ಕಾಯೋ ಮುರಳಿ! ಅವರಿದ್ದಿದ್ದರೆ ಹಸೀದೇ ಕಚ್ಚಿ ತಿಂದುಬಿಡೋರು" ಎಂದಿದ್ದರಲ್ಲ, ಅವರ ಮುಂದೆ ಯಾವ ಹುಳದ ಕಥೆ ನಡೆದೀತು? ಇದ್ದದ್ದನ್ನು ಇದ್ದ ಹಾಗೆ ಹೇಳುವುದೊಂದೇ ದಾರಿ. 'ಅದು ಮೂಳೆ ಗೊಬ್ಬರ ಹಾಕಿ ಬೆಳೆಸಿದ್ದು.' ಐದೇ ಮಾತು. ಇವತ್ತು ಸುಂದರಮ್ಮನವರ ಗಂಡ ಹೆಡ್‌ಮೇಷ್ಟ್ರ ತಿಥಿ. ಗಂಟೆ ಇನ್ನೂ ಒಂಬತ್ತು. ಸುಂದರಮ್ಮನವರು ಮಡಿಯುಟ್ಟು ಒಲೆ ಹಚ್ಚಿರುತ್ತಾರೆ, ನಿಜ. ಆದರೆ ಗೊಜ್ಜಿಗೆ ಕೈ ಹಚ್ಚುವುದು ಕೊನೆಗೆ. ಈಗ ಹೇಳಿದರೆ ಕಾಯಿಗಳನ್ನು ಹಿತ್ತಲಿಗೆ ಎಸೆದು ಬಾಳೆಕಾಯಿಯಲ್ಲಿ ಸುಧಾರಿಸಿಕೊಳ್ಳಬಹುದು. ಹೊತ್ತು ಮೀರಿದ ಮೇಲೆ ಹೇಳಿದರೆ ಸತ್ತ ಮನುಷ್ಯನ ಎಲೆಗೆ ಮೂಳೆಯನ್ನೇ ಬಡಿಸಿದ ಹಾಗಾಗುತ್ತದೆ. ಹೀಗೆ ಯೋಚಿಸುತ್ತ ಕಾಲು ಬೇಗಬೇಗ ಹಾಕಬೇಕಾದವನು ಔಷಧಿ ಅಂಗಡಿಯ ಮುಂದೆ ನಿಂತು ಒಂದು ಕ್ಯಾಲೆಂಡರನ್ನು ಸುಮ್ಮಸುಮ್ಮನೆ ನೋಡುತ್ತಿದ್ದ.

ಹೊಳೇನರಸೀಪುರದ ಕೆಳಗೆ ಹೇಮಾವತಿ ಎರಡು ಸೀಳಾಗಿ ಹರಿದು ಮತ್ತೆ ಕೂಡುವ ಕಡೆ ಮೂರೆಕರೆಯ ನಡುಗಡ್ಡೆಯೊಂದಿದೆ. ಊರಿನವರು ಬರೀ ಗಡ್ಡೆ ಅನ್ನುತ್ತಾರೆ. ಚನ್ನಪ್ಪನ ತಾತನ ಕಾಲದಿಂದ ಅದು ಅವರ ಮನೆತನದ್ದು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಗಬಹುದು, ಮಳೆಗಾಲಕ್ಕೆ ತೆಪ್ಪ ಬೇಕು. ಆರು ವರ್ಷದ ಕೆಳಗೆ, ತೊಂಬತ್ತೆರಡರಲ್ಲಿ, ಅದರ ತಲೆಕಡೆಯ ಅರ್ಧ ಎಕರೆಯನ್ನು ಚನ್ನಪ್ಪ ಮುರಳಿಗೆ ಬಿಟ್ಟುಕೊಟ್ಟ. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ, ಅದೂ ಅಗ್ರಹಾರದ ಹುಡುಗನಿಗೆ, ಮಣ್ಣಿನ ಚಪಲ ಯಾಕೆ ಬಂತೋ ಯಾರಿಗೂ ತಿಳಿಯಲಿಲ್ಲ. ಬಿಎಸ್ಸಿ ಎರಡು ಸಲ ಕೂತು ಎರಡು ಸಲವೂ ಮಕಾಡೆ ಮಲಗಿದವನು, ಸಮಾರಾಧನೆಯ ಊಟದಲ್ಲಿ ಕೊನೆಯ ಪಂಕ್ತಿಯ ಕೊನೆಯ ಎಲೆಗೆ ಕೂರುವವನು ಎಂದೇ ಅವನು ಗೊತ್ತಿದ್ದದ್ದು. ಒಂದು ಸಲ, ಯಾರದೋ ಮುಂಜಿಯಲ್ಲಿ, ಮೊದಲ ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸಿಕೊಂಡವನನ್ನು "ಏಳಪ್ಪಾ, ಹಾಸನದಿಂದ ಡಾಕ್ಟ್ರು ಬಂದಿದ್ದಾರೆ" ಎಂದು ಎಬ್ಬಿಸಿದ್ದರು. ಅವನು ಎದ್ದು ಒದ್ದೆ ಕೈಯನ್ನು ಎಲ್ಲಿ ಒರೆಸಿಕೊಳ್ಳಬೇಕೋ ತಿಳಿಯದೆ ನಿಂತಿದ್ದಾಗ ಹೆಡ್‌ಮೇಷ್ಟ್ರು ಸ್ವಲ್ಪ ಪಕ್ಕಕ್ಕೆ ಜರುಗಿ, ಪಂಚೆಯ ಅಂಚು ಹಿಡಿದೆಳೆದು, "ಇಲ್ಲಿ ಕೂರೋ. ಡಾಕ್ಟ್ರಿಗೆ ಇನ್ನೂ ಹಸಿವಾಗಿಲ್ಲ" ಎಂದು ಕೂರಿಸಿಕೊಂಡಿದ್ದರು. ಆ ಮೇಷ್ಟ್ರು ಹೋಗಿ ಇದು ನಾಲ್ಕನೆಯ ವರ್ಷ.

ಗಡ್ಡೆಯ ತರಕಾರಿ ಅವನಿಗೊಂದು ಹೆಸರು ತಂದುಕೊಟ್ಟಿತು. ತಿಥಿಯ ಅಡುಗೆಗೆ ಕೋಸು, ಕ್ಯಾರೆಟ್ಟು, ಟೊಮ್ಯಾಟೊ ಕೂಡದು, ಸೋರೆಯೂ ಕೂಡದು. ಹಾಗಲ, ಗೋರಿಕಾಯಿ, ಪಡವಲ, ಬಾಳೆಕಾಯಿ, ಸುವರ್ಣಗಡ್ಡೆ, ಚಟ್ನಿಗೊಂದು ಹಿಡಿ ಮಂಗರವಳ್ಳಿ, ಇಂಥ ನಾಟಿ ಪದಾರ್ಥವೇ ಆಗಬೇಕು. ಪಕ್ಷಮಾಸ ಬಂತೆಂದರೆ ಇವನ್ನು ಹುಡುಕಿಕೊಂಡು ಸಂತೆ ಸಂತೆ ಸುತ್ತುತ್ತಿದ್ದ ಜನ ಈಗ ಅವನ ಮನೆ ಬಾಗಿಲಿಗೆ ಬಂದು, "ಮುರಳೀಕೃಷ್ಣ ಅವರು ಇದಾರಾ?" ಎಂದು ಅವನ ಹೆಂಡತಿ ಹಂಸಳನ್ನು ಕೇಳುವಂತಾಯಿತು. ಅವರು! ಬಹುವಚನ ಕೇಳಿ ಹಂಸ ಒಳಗೆ ಬಂದು ನಗುತ್ತಿದ್ದಳು. ಸುಂದರಮ್ಮನವರದು ಇನ್ನೂ ಒಂದು ತೂಕ ಹೆಚ್ಚು. ಪೇಟೆಯ ಸೊಪ್ಪನ್ನು ಚರಂಡಿ ನೀರಿನಲ್ಲಿ ಬೆಳೆಯುತ್ತಾರೆ ಎಂದು ಯಾರೋ ಹೇಳಿದ ದಿನದಿಂದ ಅವರು ಮಾರ್ಕೆಟ್ಟಿನ ಒಂದು ಕರಿಬೇವಿನ ಎಸಳನ್ನೂ ಮುಟ್ಟಿದವರಲ್ಲ. "ನಿನ್ನ ಗಡ್ಡೆಯದು ಹೊಳೆ ತೊಳೆದು ಕೊಟ್ಟ ಮಣ್ಣು. ಅದರಲ್ಲಿ ಬೆಳೆದಿದ್ದಕ್ಕೆ ಯಾವ ಮೈಲಿಗೆಯೂ ಇಲ್ಲ" ಅನ್ನುತ್ತಿದ್ದರು. ಗಡ್ಡೆಯಲ್ಲಿ ಏನೂ ಇಲ್ಲದ ವಾರ ಬರೀ ಸಾರು, ಮಜ್ಜಿಗೆ. ಹೀಗೆ ಒಬ್ಬರ ನಾಲಗೆ ಪೂರ್ತಿಯಾಗಿ ತನ್ನ ಕೈಯಲ್ಲಿರುವುದು ಅವನಿಗೆ ಹೆಮ್ಮೆ ಮಾತ್ರ ಆಗಿರಲಿಲ್ಲ, ಕುತ್ತಿಗೆಗೆ ಕಟ್ಟಿದ ಕಲ್ಲೂ ಆಗಿತ್ತು.

ಈ ವರ್ಷ ಆಷಾಢದಲ್ಲಿ ಹಾಗಲ ಕೈ ಕೊಟ್ಟಿತು. ಬಳ್ಳಿ ಚಪ್ಪರಕ್ಕೆ ಏರಲಾರದೆ ಎಲೆಯೆಲ್ಲ ಹಳದಿಯಾಗಿ, ಬಿಟ್ಟ ಒಂದೆರಡು ಕಾಯಿ ಹೆಬ್ಬೆರಳಿನಷ್ಟಕ್ಕೇ ನಿಂತುಬಿಟ್ಟವು. ಆ ವಾರವೇ ಸುಂದರಮ್ಮನವರು, "ಬೇರೆ ಏನಿಲ್ಲದಿದ್ದರೂ ಹಾಗಲಕಾಯಿ ಬೇಕು ಕಣೋ. ಅವರಿಗೆ ಅದೊಂದೇ ಆಸೆ" ಎಂದಿದ್ದರು. ಆಸೆ 'ಇತ್ತು' ಅಲ್ಲ, ಆಸೆ. ಚನ್ನಪ್ಪ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತು, ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿದ. "ಮಣ್ಣಲ್ಲಿ ಕಸುವಿಲ್ಲ ಕಣ್ ಸಾಮಿ. ಬರೀ ಮರ್ಳು. ಗುಣಿಗೆ ಎಲ್ಡೆಲ್ಡ್ ಇಡಿ ಮೂಳೆ ಗೊಬ್ರ ಆಕಿ, ಆಮೇಲ್ ನೋಡಿ, ಎಂಗ್ ಬತ್ತವೆ ಕಾಯಿ."

"ಛೀ, ಬಿಡ್ತು ಅನ್ನು ಚನ್ನಪ್ಪ. ಇದು ತಿಥಿಗೆ ಹೋಗೋ ಪದಾರ್ಥ."

"ಅಂಗಾರೆ ಬುಡಿ," ಎಂದ ಚನ್ನಪ್ಪ, ಬೇಜಾರಿಲ್ಲದೆ. "ನಿಮ್ ತ್ವಾಟ, ನಿಮ್ಮಿಷ್ಟ."

ಬಿಡಬೇಕಾಗಿತ್ತು. ಬಿಟ್ಟಿದ್ದರೆ ಈ ವರ್ಷ ಹಾಗಲ ಬರಲಿಲ್ಲ ಅಮ್ಮಾ, ತಪ್ಪು ತಿಳಿಯಬೇಡಿ ಎಂದು ಮುಗಿಸಬಹುದಾಗಿತ್ತು. ಲೋಕ ಮುಳುಗುತ್ತಿರಲಿಲ್ಲ. ಆದರೆ ನಮ್ಮ ಮುರಳಿಗೆ 'ಬರಲಿಲ್ಲ' ಎಂದು ಹೇಳುವುದೆಂದರೆ ಮತ್ತೆ ಎಲೆಯ ಮುಂದಿನಿಂದ ಎದ್ದು ನಿಂತ ಹಾಗೆ. ಊರಿನ ಗೊಬ್ಬರದಂಗಡಿಯಲ್ಲಿ ಕೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆಂದು ಒಂದು ದಿನ ರಜೆ ಹಾಕಿ ಹಾಸನಕ್ಕೇ ಹೋದ. ಹತ್ತು ಕೇಜಿ ಚೀಲ. ಬಸ್ಸಿನಲ್ಲಿ ಕಾಲಡಿಯಲ್ಲಿಟ್ಟುಕೊಂಡು ಕೂತರೆ ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ ಮೂಗಿಗೆ ಸೆರಗು ಹಚ್ಚಿದಳು, ಚೀಲ ನೋಡಿದಳು, ಅವನ ಹಣೆಯ ವಿಭೂತಿ ನೋಡಿದಳು, ಏನೂ ಅನ್ನದೆ ಮುಂದಕ್ಕೆ ತಿರುಗಿದಳು. ಏನಾದರೂ ಅಂದಿದ್ದರೇ ಚೆನ್ನಾಗಿತ್ತು. ಮಾರನೆಯ ಬೆಳಿಗ್ಗೆ ಚನ್ನಪ್ಪ ಬರುವ ಮುಂಚೆ ಗಡ್ಡೆಗೆ ಹೋಗಿ ಇಪ್ಪತ್ತೆರಡು ಗುಣಿಗೂ ಬರಿಗೈಯಲ್ಲೇ ಹಾಕಿ ಮಣ್ಣು ಮುಚ್ಚಿದ. ಪುಡಿಯಲ್ಲಿ ಸರಿಯಾಗಿ ಅರೆಯದ ಚೂರುಗಳಿದ್ದವು. ಒಂದು ಉಗುರಿನಷ್ಟು ದೊಡ್ಡದು, ನುಣ್ಣಗೆ ಬೆಳ್ಳಗೆ, ಅಂಗೈಯಲ್ಲಿ ಕೂತಿತ್ತು. ಅದನ್ನು ಎಸೆಯುವುದೋ ಹೂಳುವುದೋ ತಿಳಿಯದೆ ಕೊನೆಗೆ ಹೂತ. ಹೊಳೆಯಲ್ಲಿ ಮೂರು ಸಲ ಮುಳುಗಿ ಎದ್ದ. ಕಚೇರಿಯಲ್ಲಿ ಆ ದಿನವೆಲ್ಲ ಬೆರಳು ಮೂಸಿಕೊಳ್ಳುತ್ತಿದ್ದವನನ್ನು ಕಂಡು ಪಕ್ಕದವನು, "ಏನ್ರೀ, ನಶ್ಯ ಶುರು ಮಾಡಿದ್ರಾ?" ಎಂದ.

ಎರಡು ದಿನ ಬಿಟ್ಟು ಗಡ್ಡೆಗೆ ಹೋದರೆ ಊರ ನಾಯಿಗಳು ಹೊಳೆ ಈಜಿ ಬಂದು ಹಾಗಲದ ಗುಣಿಗಳನ್ನೆಲ್ಲ ಕೆದರಿ ಹಾಕಿದ್ದವು. ಚನ್ನಪ್ಪ ಕೋಲು ಹಿಡಿದು ಅವನ್ನು ನೀರಿಗೆ ಅಟ್ಟುತ್ತ, ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದ. "ನಾಯ್ ಮೂಗಿಗ್ ಸುಳ್ ಯೋಳಕಾದದಾ ಸಾಮಿ? ನಂಗ್ ಒಂದ್ ಮಾತ್ ಅಂದಿದ್ರೆ ನಾನೇ ಆಕ್ಕೊಡ್ತಿದ್ದೆ. ನಾನ್ ಆಕಿದ್ರೆ ನಿಮ್ಗ್ಯಾವ ಪಾಪಾನೂ ಬತ್ತಿರ್ಲಿಲ್ಲ." ಅದು ತಮಾಷೆಯ ಮಾತೇ. ಆದರೆ ಮುರಳಿಯ ಮುಖ ಕೆಂಪಾಯಿತು. ಯಾಕೆಂದರೆ, ಅಯ್ಯೋ, ಅದೇ ಯೋಚನೆ ಅವನಿಗೂ ಬಂದಿತ್ತು. ಚನ್ನಪ್ಪನ ಕೈಯಲ್ಲಿ ಹಾಕಿಸಿ ತನಗೆ ಗೊತ್ತೇ ಇಲ್ಲ ಎಂದು ಇದ್ದುಬಿಡಬಹುದೆಂದು ಒಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಭಾದ್ರಪದದ ಹೊತ್ತಿಗೆ ಚಪ್ಪರ ಮುರಿದು ಬೀಳುವಷ್ಟು ಕಾಯಿ.

ಅಲ್ಲಿಲ್ಲಿ ನಿಂತು ಹೊತ್ತು ಕಳೆದು ಅವನು ಕೊನೆಗೂ ಹೋಗಿ ಮುಟ್ಟಿದಾಗ ಸುಂದರಮ್ಮನವರ ಮನೆಯ ಜಗಲಿಯ ಮೇಲೆ ತಿಥಿ ಮಾಡಿಸುವ ಪುರೋಹಿತ ಪಟ್ಟಾಭಿರಾಮ ಶಾಸ್ತ್ರಿಗಳು ಬುಸುಗುಟ್ಟುತ್ತ ಶತಪಥ ಹಾಕುತ್ತಿದ್ದರು. ಮುರಳಿಯನ್ನು ಕಂಡದ್ದೇ ತಡ, "ಬಂದೆಯಾ ಮಹರಾಯ! ಎಲೆ ಅಲ್ಲಿಟ್ಟು ಬಾವಿಗೆ ನಡಿ" ಎಂದರು. ಸತ್ತವರ ಪರವಾಗಿ ಉಣ್ಣಲು ಪಿತೃಸ್ಥಾನಕ್ಕೆ ಕೂರಬೇಕಾಗಿದ್ದ ಬ್ರಾಹ್ಮಣ ಅರಕಲಗೂಡಿನಿಂದ ಬರಲೇ ಇಲ್ಲವಂತೆ, ಜ್ವರವಂತೆ. ಪಕ್ಷದಲ್ಲಿ ಇನ್ನೊಬ್ಬನನ್ನು ಎಲ್ಲಿಂದ ತರುವುದು? ಎಲ್ಲರೂ ಒಂದೊಂದು ಮನೆಯಲ್ಲಿ ಕೂತಾಗಿದೆ. ದೇವತೆಗಳ ಪರವಾಗಿ ಕೂರುವ ವಿಶ್ವೇದೇವಸ್ಥಾನದ ಮುದುಕರೊಬ್ಬರು ಮಾತ್ರ ಒಳಗೆ ಗೋಡೆಗೊರಗಿ ತೂಕಡಿಸುತ್ತಿದ್ದರು. ಮೇಷ್ಟ್ರ ಮಗ ಗೌರೀಶಂಕರ, ಚನ್ನರಾಯಪಟ್ಟಣದ ಬ್ಯಾಂಕಿನಲ್ಲಿರುವವನು, ಒದ್ದೆ ಪಂಚೆಯಲ್ಲಿ ನಿಂತು ಎರಡೂ ಕೈ ಜೋಡಿಸಿದ. "ಇಲ್ಲ ಅನ್ಬೇಡಿ ಮುರಳಿ. ನಿಮಗಿಂತ ಅಪ್ಪನಿಗೆ ಬೇಕಾದವರು ಯಾರಿದ್ದಾರೆ?"

"ನಾನು ಅಮ್ಮನ ಹತ್ತಿರ ಒಂದು ಮಾತು..."

"ಅವರು ಮಡಿಯಲ್ಲಿದ್ದಾರೆ. ಏನಿದ್ದರೂ ಆಮೇಲೆ," ಎಂದರು ಶಾಸ್ತ್ರಿಗಳು. "ಬೆಳಿಗ್ಗೆ ಏನು ತಿಂದೆ?"

"ಕಾಫಿ ಕುಡಿದೆ."

"ಕಾಫಿಗೆ ದೋಷವಿಲ್ಲ. ಅದಕ್ಕೂ ದೋಷ ಹಿಡಿದರೆ ಈ ಊರಲ್ಲಿ ಒಂದು ಶ್ರಾದ್ಧವೂ ನಡೆಯಲ್ಲ."

ಒಳಗಿನಿಂದ ಸುಂದರಮ್ಮನವರ ಧ್ವನಿ ಬಂತು. "ಯಾರೋ ಅದು, ಮುರಳೀನಾ? ಮುರಳಿ ಕೂತ್ಕೋತಾನಾ?" ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೊಗೆಗೆ ಕೆಂಪಾದ ಕಣ್ಣು, ಕೈಯಲ್ಲಿ ಸೌಟು. "ನೋಡು ಶಂಕರ, ಆ ಜ್ವರದವನನ್ನು ಅಲ್ಲೇ ಮಲಗಿಸಿ ಇವನನ್ನು ಕರೆಸಿಕೊಂಡಿದ್ದಾರೆ. ಅವರ ಆಟ ಇದೆಲ್ಲ." ಅವರ ಮುಖದಲ್ಲಿ ಇದ್ದದ್ದು ಖುಷಿ, ಬರೀ ಖುಷಿ. ಅವರಿಗೂ ಅವನಿಗೂ ನಡುವೆ ಎಂಟು ಹತ್ತು ಅಡಿ ಇತ್ತು. ಐದು ಮಾತಿಗೆ ಅಷ್ಟು ಜಾಗ ಧಾರಾಳ ಸಾಕು. ಬಾಯಿ ತೆರೆದ. ಆ ಗಳಿಗೆಯಲ್ಲಿ ತನಗೇನಾಯಿತು ಎಂದು ಅವನು ಆಮೇಲೆ ಎಷ್ಟೋ ಸಲ ಕೆದಕಿ ನೋಡಿಕೊಂಡ. ಹೆದರಿಕೆಯಾಯಿತು ಎಂದರೆ ಅರ್ಧ ಸತ್ಯ. ಇನ್ನರ್ಧ ಸತ್ಯ ಏನೆಂದರೆ ಅವನಿಗೆ ಹಿತವಾಗಿತ್ತು. ಮೇಷ್ಟ್ರ ಮನೆಯಲ್ಲಿ, ಮೇಷ್ಟ್ರ ಸ್ಥಾನದಲ್ಲಿ, ಮೊದಲ ಎಲೆಗೆ ಅವನನ್ನು ಕೈ ಮುಗಿದು ಕರೆಯುತ್ತಿದ್ದರು. ಹಾಳಾದ್ದು, ಆ ಹಿತ ಗಂಟಲಿಗೆ ಬಂದು ಕೂತಿತು. ಅವನು ಎಲೆಯ ಕಟ್ಟನ್ನು ಕೆಳಗಿಟ್ಟು ಬಾವಿಯ ಕಡೆ ಹೋದ.

ತಲೆಯ ಮೇಲೆ ಬಾವಿಯ ನೀರು ಸುರಿದುಕೊಳ್ಳುವಾಗಲೂ ಹೊತ್ತು ಮೀರಿರಲಿಲ್ಲ. ಹಿತ್ತಲಿನ ಬಾಗಿಲಿನಿಂದ ಅಡುಗೆಮನೆ ಕಾಣುತ್ತಿತ್ತು, ಈಳಿಗೆಮಣೆ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಬೀಜ ತೆಗೆದು ಬಿಲ್ಲೆಬಿಲ್ಲೆಯಾಗಿ ಹೆಚ್ಚಿಟ್ಟ ಹಸಿರು ರಾಶಿ ಕಾಣುತ್ತಿತ್ತು. ಇನ್ನೊಂದು ಬಿಂದಿಗೆ ಸುರಿದುಕೊಂಡು ಹೇಳುತ್ತೇನೆ ಎಂದುಕೊಂಡ. ಸುರಿದುಕೊಂಡ. ಮೈ ಒರೆಸಿಕೊಂಡು ಹೇಳುತ್ತೇನೆ. ಒರೆಸಿಕೊಂಡ. ಅಷ್ಟರಲ್ಲಿ ಒಗ್ಗರಣೆ ಚಟಪಟಗುಟ್ಟಿ ಹಾಗಲ ಬಾಣಲೆಗೆ ಬಿದ್ದ ಸದ್ದು ಕೇಳಿಸಿತು, ಕಹಿ ಘಮ ಹಿತ್ತಲಿಗೆಲ್ಲ ಹರಡಿತು. ಇನ್ನೇನು ಹೇಳುವುದು ಎಂದುಕೊಂಡಾಗ ಅವನಿಗೆ ಎದೆಯ ಭಾರ ಇಳಿದಂತಾಯಿತು, ಹಾಗೆ ಇಳಿದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಶಾಸ್ತ್ರಿಗಳು ಒಳಗಿಂದ ಕೂಗಿದರು.

ಗೌರೀಶಂಕರ ಅವನ ಕಾಲು ತೊಳೆದ. ಗೋಮಯ ಸಾರಿಸಿದ ಮಂಡಲದ ಮೇಲೆ ನಿಂತ ತನ್ನ ಕಾಲು, ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಗಡ್ಡೆಯ ಮಣ್ಣು, ಅದನ್ನು ಬ್ಯಾಂಕಿನವನ ಬಿಳಿಯ ಬೆರಳು ಉಜ್ಜಿ ಉಜ್ಜಿ ತೆಗೆಯುತ್ತಿತ್ತು. ಮಂತ್ರದಲ್ಲಿ ಮೇಷ್ಟ್ರ ಗೋತ್ರ ಬಂತು, ಮೇಷ್ಟ್ರ ಹೆಸರು ಬಂತು, ಆ ಹೆಸರಿನವನು ಈಗ ಅವನೇ ಎಂದಾಯಿತು. ಸುಂದರಮ್ಮನವರು ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆಗೆ ಬಂದು, ಎಪ್ಪತ್ತರ ಮೊಣಕಾಲನ್ನು ಕಷ್ಟಪಟ್ಟು ಮಡಿಸಿ, ಅವನ ಕಾಲ ಬಳಿ ನೆಲಕ್ಕೆ ಹಣೆ ಹಚ್ಚಿದರು. ಏಳುವಾಗ ಅವನ ಮುಖವನ್ನು ನೋಡಿದ ನೋಟ ಅವನಿಗೆ ಸಂಬಂಧಪಟ್ಟದ್ದಾಗಿರಲಿಲ್ಲ. ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳುವ ಹಾಗಿತ್ತು. ಅವನು ತಲೆ ತಗ್ಗಿಸಿದ.

ಎಲೆ ಹಾಕಿದರು. ಶ್ರಾದ್ಧದ ಎಲೆಯ ಮುಂದೆ ಕೂತವನು ಮಾತಾಡುವಂತಿಲ್ಲ. ಚೆನ್ನಾಗಿದೆ ಅನ್ನುವಂತಿಲ್ಲ, ಚೆನ್ನಾಗಿಲ್ಲ ಅನ್ನುವಂತಿಲ್ಲ. ಬೇಕಾದರೆ ಕೈ ಸನ್ನೆ. ಅನ್ನ, ತೊವ್ವೆ, ಗೋರಿಕಾಯಿ ಪಲ್ಯ, ವಡೆ, ಎಳ್ಳುಂಡೆ, ಎಲ್ಲದರ ನಡುವೆ ಎರಡು ಸೌಟು ಹಾಗಲಕಾಯಿ ಗೊಜ್ಜು. ಅವನು ಮೊದಲು ಅದನ್ನು ಬಿಟ್ಟು ಸುತ್ತಲಿನದನ್ನೆಲ್ಲ ತಿಂದ. ಇಲ್ಲಿ ವಾಂತಿಯಾದರೆ ಇಡೀ ಶ್ರಾದ್ಧವೇ ಕೆಟ್ಟಂತೆ ಎಂದು ನೆನಪಾಗಿ ತುತ್ತನ್ನು ಚಿಕ್ಕದು ಮಾಡಿದ. ಬಾಗಿಲ ಸಂದಿಯಲ್ಲಿ ಸುಂದರಮ್ಮನವರು ನಿಂತು ಅವನ ಎಲೆಯನ್ನೇ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಗೊಜ್ಜನ್ನು. ಅವನು ಒಂದು ಬಿಲ್ಲೆ ತೆಗೆದು ಬಾಯಿಗಿಟ್ಟ. ಹಲ್ಲಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು, ಜೀವ ಹಾರಿಹೋಯಿತು. ನೋಡಿದರೆ ಎಳೆಯ ಬೀಜ. ಆಮೇಲೆ ರುಚಿ ತಿಳಿಯಿತು. ಬೆಲ್ಲ, ಹುಣಿಸೆ, ಮೆಣಸು, ಅದರೊಳಗಿನಿಂದ ಮೆಲ್ಲಗೆ ಎದ್ದು ಬರುವ ಕಹಿ. ಏನು ಹೇಳುವುದು, ಅಷ್ಟು ಚೆನ್ನಾಗಿತ್ತು. ಅಷ್ಟು ಒಳ್ಳೆಯ ಹಾಗಲಕಾಯನ್ನು ಅವನು ಜನ್ಮದಲ್ಲಿ ಬೆಳೆದಿರಲಿಲ್ಲ. ಸೊಸೆ ಪಾತ್ರೆ ಹಿಡಿದು ಮುಂದೆ ಬಂದಾಗ ಅವನ ಕೈ ಅವನನ್ನು ಕೇಳದೆ ಎಲೆಯ ಆ ಮೂಲೆಯನ್ನು ತೋರಿಸಿತು. ಎರಡನೆಯ ಸಲವೂ ತೋರಿಸಿತು. ಬಾಗಿಲ ಸಂದಿಯಲ್ಲಿ ಸೆರಗು ಕಣ್ಣಿಗೆ ಹೋದದ್ದು ಅವನಿಗೆ ಕಂಡಿತು.

"ತೃಪ್ತಾಃ ಸ್ಥ?" ಎಂದು ಗೌರೀಶಂಕರ ಕೇಳಿದ, ಶಾಸ್ತ್ರಿಗಳು ಹೇಳಿಕೊಟ್ಟಂತೆ. ತೃಪ್ತಿಯಾಯಿತೇ? ವಿಶ್ವೇದೇವಸ್ಥಾನದ ಮುದುಕರು ತೇಗಿನ ಜೊತೆಯಲ್ಲೇ ತೃಪ್ತಾಃ ಸ್ಮಃ ಎಂದುಬಿಟ್ಟರು. ಎಲ್ಲರೂ ಮುರಳಿಯ ಕಡೆ ನೋಡಿದರು. ಅವನೂ ಹೇಳಿದ. ದನಿ ಸ್ವಲ್ಪ ಗಟ್ಟಿಯಾಗಿಯೇ ಬಂತು.

ದಕ್ಷಿಣೆ, ತಾಂಬೂಲ ತೆಗೆದುಕೊಂಡು ಹೊರಗೆ ಬಂದವನು ಮನೆಗೆ ಹೋಗಲಿಲ್ಲ. ಬೀದಿಯ ಕೊನೆಯವರೆಗೆ ನಡೆದ, ತಿರುಗಿದ, ಮತ್ತೆ ನಡೆದ. ಹೊಳೆಯ ಕಡೆಯಿಂದ ಬರುತ್ತಿದ್ದ ಚನ್ನಪ್ಪ ಹೆಗಲ ಮೇಲಿನ ಬಾಳೆಗೊನೆ ಇಳಿಸದೆ, "ಏನ್ ಸಾಮಿ, ಭರ್ಜರಿ ಊಟ ಆದಂಗದೆ. ಇಂಗ್ಯಾಕೆ ದೆವ್ವ ಮೆಟ್ಟಿದವರಂಗೆ ತಿರುಗ್ತಾ ಇದೀರಿ?" ಎಂದ. "ಚನ್ನಪ್ಪ, ಆ ಹಾಗಲಕಾಯಿ..." ಎಂದು ಮುರಳಿ ಶುರು ಮಾಡಿದ. "ಈಗ ಯಾಕೆ ಸಾಮಿ ಅದು? ತಿಂದಾಯ್ತಲ್ಲ. ಮನೀಕೊಂಡ್ ಓಗಿ ಸುಮ್ಕೆ" ಎಂದು ಚನ್ನಪ್ಪ ನಡೆದುಬಿಟ್ಟ. ಒಳ್ಳೆಯ ಬುದ್ಧಿಮಾತು. ಅದನ್ನು ಕೇಳಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮುರಳಿಗೆ ಕಾಲು ನಿಲ್ಲಲಿಲ್ಲ; ಈಗಲೇ ಹೇಳಿಬಿಟ್ಟರೆ ಇವತ್ತು ಮಧ್ಯಾಹ್ನವಾದರೂ ನಿದ್ದೆ ಬಂದೀತು ಎಂದು ತೋರಿತು. ಮೂರು ಗಂಟೆಗೆ ಮತ್ತೆ ಆ ಮನೆಯ ಬಾಗಿಲಲ್ಲಿ ನಿಂತಿದ್ದ.

ಶಾಸ್ತ್ರಿಗಳು ಹೋಗಿದ್ದರು. ಮಗ ಸೊಸೆ ಉಂಡು ಮಹಡಿಯ ಕೋಣೆಯಲ್ಲಿ ಮಲಗಿದ್ದರು. ನಡುಮನೆಯಲ್ಲಿ ಸುಂದರಮ್ಮನವರೊಬ್ಬರೇ, ಆಗತಾನೆ ಎಲೆ ಹಾಕಿಕೊಂಡು ಕೂತಿದ್ದರು. ಬೆಳಗಿನಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ಪಿತೃಗಳು ಉಂಡು ಉಳಿದದ್ದು ಅವರ ಎಲೆಯಲ್ಲಿ ಒಂದೊಂದು ತುತ್ತಿನಷ್ಟಿತ್ತು.

"ಇನ್ನೂ ಮನೆಗೆ ಹೋಗಿಲ್ವೇನೋ?" ಎಂದರು. "ಮೂರು ಸಲ ಹಾಕಿಸಿಕೊಂಡೆಯಲ್ಲೋ ಗೊಜ್ಜನ್ನ! ಅವರೂ ಅಷ್ಟೇ, ಮೂರು ಸಲ. ನನಗೆ ಕೂಗಿ ಅತ್ತುಬಿಡೋಣ ಅನ್ನಿಸ್ತು."

"ಅಮ್ಮಾ, ಆ ಹಾಗಲಕಾಯಿ ಗಿಡಕ್ಕೆ ಮೂಳೆ ಗೊಬ್ಬರ ಹಾಕಿದ್ದೆ."

ಕಲಸುತ್ತಿದ್ದ ಕೈ ನಿಂತಿತು. "ಏನು ಅಂದೆ?"

"ಮೂಳೆ ಪುಡಿ. ದನದ್ದೋ ಎಮ್ಮೇದೋ, ಅಂಗಡೀಲಿ ಚೀಲದಲ್ಲಿ ಸಿಗತ್ತೆ."

"ಚನ್ನಪ್ಪ ಹಾಕಿದನಾ?"

ಅವರೇ ಬಾಗಿಲು ತೆರೆದುಕೊಟ್ಟಿದ್ದರು. ಹೂಂ ಅಂದರೆ ಮುಗಿಯಿತು. "ಇಲ್ಲ. ನಾನೇ. ನನ್ನ ಕೈಯಾರೆ."

"ಯಾವಾಗ?"

"ಆಷಾಢದಲ್ಲಿ."

ಸುಂದರಮ್ಮನವರು ಎಲೆಯನ್ನು ನೋಡುತ್ತ ಕೂತರು. ಬೈಯುತ್ತಾರೆ ಎಂದು ಕಾದ. ಅತ್ತರೂ ಆಗಿತ್ತು. "ಎರಡು ತಿಂಗಳು ನಿನ್ನ ಬಾಯಿ ಎಲ್ಲಿ ಹೋಗಿತ್ತು?" ಎಂದು ಮೆಲ್ಲಗೆ ಕೇಳಿದರು.

"ಬೆಳಿಗ್ಗೆ ಹೇಳೋಣ ಅಂತಲೇ ಬಂದೆ."

"ಬಂದು ಕೂತೆ."

"ಶಾಸ್ತ್ರಿಗಳು ಬಿಡಲಿಲ್ಲ..."

"ಶಾಸ್ತ್ರಿಗಳ ಮಾತು ಬೇಡ. ನಾನು ಬಾಗಿಲಲ್ಲೇ ನಿಂತಿದ್ದೆ. ನಿನ್ನ ಕಾಲಿಗೆ ಬಿದ್ದೆ. ಆಗಲೂ ಸುಮ್ಮನಿದ್ದೆ. ಈಗ ಯಾಕೆ ಹೇಳಿದೆ?"

"ಇಟ್ಟುಕೊಳ್ಳೋಕೆ ಆಗಲಿಲ್ಲ ಅಮ್ಮಾ."

"ಅದಕ್ಕೆ ನನ್ನ ಹತ್ತಿರ ಇಟ್ಟು ಹೋಗೋಕೆ ಬಂದೆ. ನಿನಗೆ ಹಗುರ ಆಯ್ತು. ಇವತ್ತು ನಿದ್ದೇನೂ ಬರುತ್ತೆ." ಅವರ ದನಿ ಏರಲಿಲ್ಲ. "ನನಗೆ ಎಪ್ಪತ್ತು ತುಂಬಿತು ಕಣೋ. ಇನ್ನೆಷ್ಟು ತಿಥಿ ನೋಡ್ತೀನೋ ಗೊತ್ತಿಲ್ಲ. ಇದೊಂದು ಸಲ ಅವರು ಬಂದು ಹೊಟ್ಟೆ ತುಂಬಾ ಉಂಡು ಹೋದರು ಅಂದುಕೊಂಡು ಕೂತಿದ್ದೆ. ಒಂದು ಗಳಿಗೆ ಹಾಗೆ ಕೂತಿರೋಕೆ ಬಿಡಬಾರದಾಗಿತ್ತಾ?"

ತಪ್ಪು ಒಪ್ಪಿಕೊಂಡರೆ ಪುಣ್ಯ ಎಂದೇ ಅವನು ಬೆಳಗಿನಿಂದ ನಂಬಿದ್ದ. ಇದೂ ತಪ್ಪಾಗಬಹುದು, ಮೊದಲಿನದಕ್ಕಿಂತ ದೊಡ್ಡ ತಪ್ಪು, ಎಂದು ಅವನಿಗೆ ಈಗ ತಿಳಿಯಿತು. "ಅದನ್ನು ತಿನ್ನಬೇಡಿ ಅಮ್ಮಾ, ನಾನು ತೆಗೆದು ಹೊರಗೆ ಹಾಕ್ತೀನಿ" ಎಂದು ಎಲೆಯ ಕಡೆ ಬಗ್ಗಿದ.

"ಕೈ ತೆಗಿ," ಎಂದರು ಸುಂದರಮ್ಮನವರು. "ಅವರಿಗೆ ಉಣ್ಣಿಸಿ ಆಗಿದೆ. ಅವರು ಉಂಡದ್ದನ್ನ ನಾನು ಬಿಡ್ತೀನಾ? ಶಂಕರನಿಗೆ ಹೇಳಬೇಡ. ಹಂಸನಿಗೂ ಹೇಳಬೇಡ. ಇನ್ನು ಯಾರ ಹತ್ತಿರವೂ ಹೋಗಿ ಹಗುರ ಮಾಡಿಕೊಳ್ಳಬೇಡ. ಕೂತ್ಕೋ ಅಲ್ಲಿ."

ಅವನು ಗೋಡೆಯ ಪಕ್ಕ ಕೂತ. ಅವರು ಅನ್ನದ ಜೊತೆ ಗೊಜ್ಜು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಎಡಗೈಯಲ್ಲಿ ಲೋಟ ಎತ್ತಿ ನೀರು ಕುಡಿದು ನುಂಗಿದರು. ಇನ್ನೊಂದು ತುತ್ತು. ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ಅಗಿದರು, ಆತುರವಿಲ್ಲದೆ. ಎಲೆಯ ಆ ಮೂಲೆ ಬರಿದಾಯಿತು.

"ಗೊಜ್ಜು ಇನ್ನೂ ಇದೆ," ಎಂದರು. "ಒಲೆಯ ಪಕ್ಕ, ಕಲ್ಲುಮರಿಗೆಯಲ್ಲಿ. ತಂದು ಬಡಿಸು."

ಅವನು ಎದ್ದು ಹೋಗಿ ತಂದ. ಒಂದು ಸೌಟು ಬಡಿಸಿ ನಿಂತ, ಅವರು ತಲೆಯೆತ್ತಲಿಲ್ಲ. ಇನ್ನೊಂದು ಬಡಿಸಿದ. ಅವರು ಸಾಕು ಅನ್ನಲಿಲ್ಲ.